ಗೋಡೆ ಡಾಕ್ಟ್ರಮ್ಮ

ಹೋದ ತಿಂಗಳು ತರೀಕೆರೆಯಿಂದ ಬಂದಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಾಫಿ ಕುಡಿದು ಲೋಟ ಕೆಳಗಿಡುತ್ತ, "ನಿಮ್ಮ ಗೋಡೆ ಡಾಕ್ಟ್ರಮ್ಮ ಹೋದ್ರಂತೆ ಕಣ್ರೀ, ಗೊತ್ತಾಯ್ತಾ?" ಅಂದರು. ನನಗೆ ಗೊತ್ತಾಗಿರಲಿಲ್ಲ. ಆಗಲೇ ಮೂರು ತಿಂಗಳಾಗಿತ್ತಂತೆ. ನಿವೃತ್ತಳಾಗಿ ಕಡೂರಿಗೆ ಬಂದಮೇಲೆ ನಾನೂ ಆ ಕಡೆ ಹೋಗಿರಲಿಲ್ಲ. ನನ್ನ ವಿಳಾಸ ಅವರ ಮನೆಯವರಿಗೆ ತಿಳಿದಿರಲೂ ಇಲ್ಲ.

ಡಾಕ್ಟ್ರಮ್ಮ ಎಂದರೆ ಅವರು ಓದಿದವರಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದವರು. ಗೋಡೆಗೆ ಹಿಡಿದ ಬೂಷ್ಟನ್ನು ಬಿಡಿಸುವುದು ಅವರ ಕೆಲಸ. ಮನೆ, ಅಂಗಡಿ, ಗೋಡೌನು, ಹಾಸ್ಟೆಲು, ಎಲ್ಲಿ ಗೋಡೆ ಕಪ್ಪಾಗಿ ಮುಗ್ಗಲು ವಾಸನೆ ಹೊಡೆಯುತ್ತದೋ ಅಲ್ಲಿಗೆ ಅವರನ್ನು ಕರೆಯುತ್ತಿದ್ದರು. ಆ ಹೆಸರನ್ನು ಕಂಟ್ರಾಕ್ಟರೊಬ್ಬರು ಗೇಲಿಗೆ ಇಟ್ಟಿದ್ದು, ಆಮೇಲೆ ಅದೇ ನಿಂತಿತು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಶಾಲೆಯ ವಾರ್ಷಿಕ ಸಂಚಿಕೆಗೆ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ, "ಕೆಲ್ಸ ಬರೀರಿ ಟೀಚ್ರಮ್ಮ, ಹೆಸ್ರು ಬ್ಯಾಡ. ಹೆಸ್ರಿನೋರು ಬ್ಯಾರೆ ಇದಾರೆ" ಅಂದಿದ್ದರು. ಆಗ ನಾನು ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಧ್ಯದಲ್ಲಿ ನಾನು ತರೀಕೆರೆಯಲ್ಲಿ ಪಾಠ ಮಾಡುತ್ತ ಹೆಣ್ಣುಮಕ್ಕಳ ಒಂದು ಸಣ್ಣ ಹಾಸ್ಟೆಲನ್ನೂ ನೋಡಿಕೊಳ್ಳುತ್ತಿದ್ದೆ. ಊರಿನ ಕೆಲವು ಹಿರಿಯರ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. ಮಣ್ಣುಗೋಡೆಯ ಹಳೆಯ ಬಾಡಿಗೆ ಮನೆ. ಅದರ ಪಕ್ಕದ ಅರ್ಧದಲ್ಲಿ ಮನೆಯೊಡತಿ ಅಜ್ಜಿ ಒಬ್ಬರೇ ಇದ್ದರು. ಮಕ್ಕಳು ಮಲಗುವ ಕೋಣೆಯ ಒಂದು ಗೋಡೆ ಮಾತ್ರ ಪ್ರತಿ ವರ್ಷವೂ ಕಪ್ಪಾಗುತ್ತಿತ್ತು. ದೀಪಾವಳಿಗೆ ಸುಣ್ಣ ಬಳಿಸುವುದು, ಸಂಕ್ರಾಂತಿಯ ಹೊತ್ತಿಗೆ ಮತ್ತೆ ಹಸಿರು ಮಿಶ್ರಿತ ಕಪ್ಪು ಚುಕ್ಕೆಗಳು ಮೂಡುವುದು. ಆ ಕೋಣೆಯ ಮಕ್ಕಳಿಗೆ ಕೆಮ್ಮು ಬಿಡುತ್ತಿರಲಿಲ್ಲ. ನಾನು ಶುಂಠಿ ಕಷಾಯ ಕುಡಿಸುತ್ತಿದ್ದೆ.

ಆ ವರ್ಷ ಸುಣ್ಣದ ಕೆಲಸಕ್ಕೆ ಬಂದ ನಾಲ್ವರಲ್ಲಿ ಇವರೊಬ್ಬರು. ವಯಸ್ಸು ನಲವತ್ತರ ಆಸುಪಾಸು. ಕಪ್ಪಗೆ, ಎತ್ತರಕ್ಕೆ, ಸೀರೆಯನ್ನು ಮೊಣಕಾಲಿನವರೆಗೆ ಕಟ್ಟಿದ ಹೆಂಗಸು. ಉಳಿದವರು ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದರೆ ಇವರು ಆ ಗೋಡೆಯ ಮುಂದೆ ಕೂತು ಮೂಗನ್ನು ಹತ್ತಿರ ತಂದು ಮೂಸಿದರು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಆಮೇಲೆ ಎದ್ದು ನನ್ನ ಹತ್ತಿರ ಬಂದರು.

"ಇದಕ್ಕೆ ನಾನು ಸುಣ್ಣ ಬಳಿಯಲ್ಲ ಟೀಚ್ರಮ್ಮ."

"ಯಾಕೆ?"

"ಹೆಣಕ್ಕೆ ಪೌಡ್ರು ಹಚ್ದಂಗೆ ಆಯ್ತದೆ."

ನನಗೆ ಸಿಟ್ಟು ಬಂತು. ಮಕ್ಕಳು ಮಲಗುವ ಕೋಣೆಯಲ್ಲಿ ಎಂಥ ಮಾತು. ನಾನು ಏನಾದರೂ ಅನ್ನುವ ಮೊದಲೇ ಅವರು, "ಒಂದು ಗಾಜಿನ ಚೂರು ಐತಾ?" ಎಂದು ಕೇಳಿದರು. ಒಡೆದ ಫೋಟೋ ಫ್ರೇಮಿನ ಗಾಜು ಸಿಕ್ಕಿತು. ಗೋಧಿಹಿಟ್ಟು ಕಲಸಿ, ಗಾಜಿನ ಸುತ್ತ ಅಂಚಿಗೆ ಮೆತ್ತಿ, ಅದನ್ನು ಗೋಡೆಗೆ ಗಾಳಿಯಾಡದಂತೆ ಅಂಟಿಸಿದರು. ಮಾರನೇ ದಿನ ಬಂದು ನೋಡಿ, ನನ್ನನ್ನು ಕರೆದು ತೋರಿಸಿದರು. ಗಾಜಿನ ಒಳಮೈಯಲ್ಲಿ, ಗೋಡೆಯ ಕಡೆಗೆ, ಸಣ್ಣ ಸಣ್ಣ ಹನಿಗಳು ಕೂತಿದ್ದವು. ಹೊರಮೈ ಒಣಗಿತ್ತು.

"ಗಾಳಿ ಥಂಡಿಯಿಂದ ಬಂದಿದ್ರೆ ಹನಿ ನಮ್ಮ ಕಡೀಗ್ ಇರ್ಬೇಕಿತ್ತು. ಇದು ಗೋಡೆ ಒಳಗಿಂದ ಬತ್ತಾ ಐತೆ. ಬೂಷ್ಟು ರೋಗ ಅಲ್ಲ ಕಣ್ರೀ, ಅದು ಬರೀ ಜ್ವರ. ರೋಗ ನೀರು. ಮೊದ್ಲು ನೀರು ಎಲ್ಲಿಂದ ಅಂತ ಹುಡುಕ್ಬೇಕು."

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಲಕ್ಕವಳ್ಳಿಯಲ್ಲಿ ಎಂದರು. ಅಣೆಕಟ್ಟು ಕಟ್ಟುವಾಗ ಗಾರೆ ಹೊರಲು ಸೇರಿದವರು, ಕಟ್ಟಿ ಮುಗಿದ ಮೇಲೂ ಕೆಲವು ವರ್ಷ ಅಲ್ಲೇ ಇದ್ದರಂತೆ. ಅಣೆಕಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೆ ಒಂದು ಓಣಿಯಿದೆ, ಅಲ್ಲಿ ಗೋಡೆ ಎಲ್ಲಿ ಬೆವರುತ್ತದೆಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿ ನೆಲ ಒರೆಸುವುದು ಇವರ ಕೆಲಸವಾಗಿತ್ತು. "ಅಷ್ಟು ದೊಡ್ಡ ಕೆರೆ ಆ ಕಡೀಗೆ, ನಾನೊಬ್ಳೇ ಈ ಕಡೀಗೆ" ಎಂದು ನಕ್ಕರು. ಅವರು ಜೋರಾಗಿ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ.

ನೀರಿನ ಮೂಲ ಅಜ್ಜಿಯ ಬಚ್ಚಲುಮನೆಯಲ್ಲಿತ್ತು. ಗೋಡೆಯ ಆ ಬದಿಗೆ ಅಂಟಿಕೊಂಡಂತೆ ಹಳೆಯ ಕಲ್ಲಿನ ನೀರಿನ ತೊಟ್ಟಿ. ಆದರೆ ಅಜ್ಜಿ ಕೂಲಿಯವಳನ್ನು ಬಚ್ಚಲಿಗೆ ಬಿಡಲು ಒಪ್ಪಲಿಲ್ಲ. ಪೂಜೆಗೆ ನೀರು ತೆಗೆಯುವುದು ಅದೇ ತೊಟ್ಟಿಯಿಂದ. "ನಮ್ಮಾವನ ಕಾಲದ ತೊಟ್ಟಿ. ಅದು ಸೋರಲ್ಲ. ಸುಣ್ಣ ಬಳಿಯೋಕೆ ಬಂದೋಳು ಸುಣ್ಣ ಬಳೀಲಿ" ಎಂದರು. ನಾನು ವಾದಕ್ಕೆ ನಿಂತೆ. ಇವರು ನನ್ನ ಸೆರಗು ಹಿಡಿದು ಹಿಂದಕ್ಕೆಳೆದು, ಬಾಗಿಲ ಹೊರಗೇ ನಿಂತು ಅಜ್ಜಿಗೆ ಹೇಳಿದರು.

"ನಾನು ಒಳಗೆ ಬರಲ್ಲ ಅವ್ವಾರೆ. ತೊಟ್ಟಿ ಮುಟ್ಟೋದೂ ಇಲ್ಲ. ಐದು ದಿನ ಅದಕ್ಕೆ ನೀರು ತುಂಬಿಸ್ಬೇಡಿ, ಕೊಡದಲ್ಲಿ ಇಟ್ಕಳಿ. ದಿನಾ ಬೆಳಿಗ್ಗೆ ನೀವೇ ಬಂದು ಈ ಗಾಜು ನೋಡಿ. ಹನಿ ಕಮ್ಮಿ ಆಗ್ಲಿಲ್ಲ ಅಂದ್ರೆ ನಾನು ಸುಮ್ಮನೆ ಸುಣ್ಣ ಬಳಿದು ಹೋಯ್ತೀನಿ."

ಅಜ್ಜಿ ಒಪ್ಪಿದ್ದು ಇವರನ್ನು ಸೋಲಿಸುವುದಕ್ಕೆ. ಮೊದಲ ದಿನ ಬಂದು ನೋಡಿ, "ಹಂಗೇ ಇದೆ" ಎಂದು ತೃಪ್ತಿಯಿಂದ ಹೋದರು. ಎರಡನೇ ದಿನವೂ ಹಾಗೇ. ಮೂರನೇ ದಿನ ಕನ್ನಡಕ ಹಾಕಿಕೊಂಡು ಬಂದು ತುಂಬ ಹೊತ್ತು ನೋಡಿ ಹೋದರು. ಐದನೇ ದಿನ ಗಾಜಿನಲ್ಲಿ ಮಂಜಿನಂಥದೊಂದು ತೆಳುಪೊರೆ ಬಿಟ್ಟು ಬೇರೇನೂ ಇರಲಿಲ್ಲ. ಅಜ್ಜಿ ಕಪ್ಪು ಗೋಡೆಯನ್ನೂ ಅಲ್ಲಿ ಸುರುಳಿ ಸುತ್ತಿಟ್ಟಿದ್ದ ಮಕ್ಕಳ ಚಾಪೆಗಳನ್ನೂ ನೋಡಿದರು. "ಎಷ್ಟು ವರ್ಷದಿಂದ ಕೆಮ್ತಾ ಇದಾವೆ ಇವು?" ಎಂದು ನನ್ನನ್ನು ಕೇಳಿದರು. ಆಮೇಲೆ ಬಾಗಿಲ ಹೊರಗಿದ್ದ ಇವರಿಗೆ, "ಬಾರವ್ವ, ಬಂದು ನೋಡು ತೊಟ್ಟಿ" ಎಂದರು. ತೊಟ್ಟಿಯ ತಳದಲ್ಲಿ ಕೂದಲೆಳೆಯಂಥ ಬಿರುಕಿತ್ತು.

ಆಮೇಲೆ ನಡೆದ ಕೆಲಸವನ್ನು ನಾನು ಮೂರು ವಾರ ಹತ್ತಿರದಿಂದ ನೋಡಿದೆ. ಸುಣ್ಣದವರು ಒಂದು ದಿನದಲ್ಲಿ ಮುಗಿಸುವುದಕ್ಕೆ ಇವರಿಗೆ ಮೂರು ವಾರ ಬೇಕಾಯಿತು. ಮೊದಲು ತೊಟ್ಟಿಯ ಬಿರುಕು ಮುಚ್ಚಿ, ಮಕ್ಕಳನ್ನು ಊಟದ ಹಜಾರಕ್ಕೆ ಕಳಿಸಿದರು. ಕೋಣೆಯಿಂದ ಮನೆಯೊಳಕ್ಕಿದ್ದ ಬಾಗಿಲಿಗೆ ನೆನೆಸಿದ ಗೋಣಿಯ ಪರದೆ ಕಟ್ಟಿ, ಬೀದಿಯ ಕಡೆಯ ಕಿಟಕಿಯನ್ನು ಮಾತ್ರ ತೆರೆದರು. ನಾನು ಉತ್ಸಾಹದಿಂದ ಒಂದು ಪೊರಕೆ ತಂದು ಗೋಡೆಗೆ ಇಡಲು ಹೋದೆ. ಕೈ ಹಿಡಿದರು.

"ಒಣಗಿದ್ದನ್ನ ಉಜ್ಬೇಡಿ. ಅದು ರಾಗಿ ತೆನೆ ಇದ್ದಂಗೆ, ಮುಟ್ಟಿದ್ರೆ ಬೀಜ ಉದುರ್ತದೆ. ಇಲ್ಲಿ ಉಜ್ಜಿದ್ದು ಅಡುಗೆಮನೇಲಿ ಹುಟ್ತದೆ."

ಗೋಡೆಗೆ ನೀರು ಚಿಮುಕಿಸಿ, ತೇವವಾದ ಮೇಲೆ ಕೆರೆದರು. ಕಪ್ಪು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದು ಮೊಳ ಆಚೆಯವರೆಗೂ, ನನ್ನ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಗಾರೆಯನ್ನೂ ಕಿತ್ತರು. ಕಿತ್ತದ್ದನ್ನು ಒದ್ದೆ ಗೋಣಿಯಲ್ಲಿ ಬಾಯಿ ಕಟ್ಟಿ ಕಿಟಕಿಯಿಂದಲೇ ಹೊರಗಿಳಿಸಿದರು, ಮನೆಯೊಳಗಿಂದ ಹೊರಲು ಬಿಡಲಿಲ್ಲ. ಸೋಡಾ ಕಲಸಿದ ನೀರಿನಲ್ಲಿ ಗೋಡೆ ತೊಳೆದು ಒರೆಸಿದರು. ಚಾಪೆ, ಹುಲ್ಲಿನ ಹಾಸಿಗೆ ಎಲ್ಲವನ್ನೂ ಸುಡಿಸಿದರು; ಕಂಬಳಿಗಳನ್ನು ಕುದಿಸಿ ನಾಲ್ಕು ದಿನ ಬಿಸಿಲಿಗೆ ಹಾಕಿಸಿದರು. ಆಮೇಲೆ ಗಾಜನ್ನು ಮತ್ತೆ ಗೋಡೆಗೆ ಅಂಟಿಸಿ ಹತ್ತು ದಿನ ಏನೂ ಮಾಡಲಿಲ್ಲ, ಬಂದು ಗಾಜು ನೋಡಿ ಹೋಗುತ್ತಿದ್ದರು. ಗಾಜು ಪೂರ್ತಿ ಒಣಗಿ ಬಂದ ಮೇಲೆಯೇ ಸುಣ್ಣದ ಗಾರೆ ಮೆತ್ತಿದ್ದು. ಸಿಮೆಂಟು ಹಾಕಿಸೋಣವೇ ಎಂದು ಅಜ್ಜಿ ಕೇಳಿದಾಗ, "ಮಣ್ಣುಗೋಡೆ ಉಸಿರಾಡ್ತದೆ, ಸಿಮೆಂಟು ಹಾಕಿ ಬಾಯಿ ಮುಚ್ಚಬೇಡಿ" ಎಂದರು. ಕೊನೆಗೆ ಬಳಿದ ಸುಣ್ಣಕ್ಕೆ, ಅಡಿಕೆಗೆ ಹೊಡೆಯುವ ಮೈಲುತುತ್ತವನ್ನು ಒಂದಿಷ್ಟು ಕರಗಿಸಿ ಬೆರೆಸಿದ್ದರು. ಗೋಡೆಗೆ ಎಳೆ ನೀಲಿಯ ಛಾಯೆ ಬಂತು.

"ಬೂಷ್ಟು ಹೋಯ್ತಾ?" ಎಂದು ಕೇಳಿದೆ.

"ಹೋಯ್ತು ಅನ್ಬಾರ್ದು. ಒಣಗೈತೆ ಅನ್ನಿ. ಒಣಗಿದ್ದಷ್ಟು ದಿನ ಅದು ಬರಲ್ಲ."

ಆ ವರ್ಷ ಸಂಕ್ರಾಂತಿಗೆ ಗೋಡೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ನಾನು ಕಷಾಯದ ಪಾತ್ರೆಯನ್ನು ಅಟ್ಟಕ್ಕೆ ಹಾಕಿದೆ.

ಆಮೇಲೆ ಅವರಿಗೆ ಇದೇ ಕೆಲಸವಾಯಿತು. ಕಡೂರಿನಲ್ಲೊಂದು ಬಟ್ಟೆ ಅಂಗಡಿಯಲ್ಲಿ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಕಲೆ ಬೀಳುತ್ತಿದ್ದಾಗ ಹೋಗಿ, ಗೋಡೆಯನ್ನು ಮುಟ್ಟದೆ, ಬೀರುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿ, ಮುಚ್ಚಿದ್ದ ಗವಾಕ್ಷಿಯನ್ನು ತೆಗೆಸಿ ಬಂದರು. ಸಖರಾಯಪಟ್ಟಣದ ಕೊಬ್ಬರಿ ಗೋಡೌನಿನಲ್ಲಿ ಮಾತ್ರ ನೆಲವನ್ನೇ ಅಗೆಸಬೇಕಾಯಿತಂತೆ. ಎಲ್ಲಿ ಹೋದರೂ ಮೊದಲು ಮೂಸುವುದು, ಆಮೇಲೆ ಕೇಳುವುದು: ನೀರು ಎಲ್ಲಿ ಕಾಯಿಸ್ತೀರಿ, ಬಟ್ಟೆ ಎಲ್ಲಿ ಒಣಹಾಕ್ತೀರಿ, ಯಾರು ಕೆಮ್ಮೋದು. ಮಾತು ಒರಟು. ದೊಡ್ಡ ಮನೆಯ ಹೆಂಗಸರಿಗೂ, "ಒಳಗೆ ಬಟ್ಟೆ ಒಣಗಿಸ್ಬೇಡಿ ಅಂತ ಹೇಳಿದ್ನಲ್ಲ, ಕಿವಿ ಕೇಳಲ್ವಾ?" ಎಂದುಬಿಡುತ್ತಿದ್ದರು. ಅದಕ್ಕೆ ಕೆಲವರು ಎರಡನೇ ಸಲ ಕರೆಯುತ್ತಿರಲಿಲ್ಲ. ಇನ್ನೊಂದು ಮೊಂಡುತನವೂ ಇತ್ತು. ಜೊತೆಗೆ ಕೆಲಸ ಮಾಡುವವರಿಗೆಲ್ಲ ಮೂಗುಬಾಯಿಗೆ ಒದ್ದೆಬಟ್ಟೆ ಕಟ್ಟಿಸುತ್ತಿದ್ದರು, ಕಟ್ಟದವರನ್ನು ಹೊರಗೆ ಕಳಿಸುತ್ತಿದ್ದರು. ತಾವು ಮಾತ್ರ ಕಟ್ಟುತ್ತಿರಲಿಲ್ಲ. ಕೇಳಿದರೆ, "ಮೂಗು ಮುಚ್ಕಂಡ್ರೆ ನಂಗೆ ಗೋಡೆ ಕಾಣಲ್ಲ" ಎನ್ನುವರು.

ಎಂಬತ್ತರ ದಶಕದ ಆರಂಭದಲ್ಲಿ ಅದೇ ಸಮಿತಿ ಅಜ್ಜಂಪುರದಲ್ಲಿ ಹೊಸ ಹಾಸ್ಟೆಲ್ ಕಟ್ಟಿಸಿ ನನ್ನನ್ನು ಅಲ್ಲಿಗೆ ಹಾಕಿತು. ತಾರಸಿ ಕಟ್ಟಡ, ಸಿಮೆಂಟು ಗೋಡೆ, ನಲ್ಲಿ ನೀರು. ಉದ್ಘಾಟನೆಗೆ ಇನ್ನೂ ಹದಿನೈದು ದಿನವಿರುವಾಗ ಮಲಗುವ ಕೋಣೆಯ ಮೂಲೆಯಲ್ಲಿ ನನಗೆ ಆ ಪರಿಚಿತ ವಾಸನೆ ಬಂತು. ಅಜ್ಜಂಪುರದಂಥ ಬಯಲುಸೀಮೆಯ ಊರಲ್ಲಿ, ಹೊಸ ಗೋಡೆಗೆ ಬೂಷ್ಟು ಎಂದರೆ ಯಾರೂ ನಂಬಲಿಲ್ಲ. ಕಟ್ಟಿದ ಕಂಟ್ರಾಕ್ಟರ್ ಕಡೂರಿನವರು, ಸುತ್ತಿನ ಊರುಗಳಲ್ಲಿ ದೊಡ್ಡ ಕೆಲಸವೆಲ್ಲ ಅವರದೇ. ಬಣ್ಣ ಹೊಡೆಯಲು ಅವರು ಕರೆಸಿದ ಗುಂಪಿನಲ್ಲಿ ಇವರೂ ಬಂದರು; ಬೂಷ್ಟಿನ ಕೆಲಸವಿಲ್ಲದಾಗ ಸುಣ್ಣಬಣ್ಣದ ಕೂಲಿಗೂ ಹೋಗುತ್ತಿದ್ದರು. ಮೂಸಿ, ತಟ್ಟಿ, ತಾರಸಿ ಹತ್ತಿ ನೋಡಿ ಇಳಿದು ಬಂದು, ನನ್ನ ಎದುರಿಗೇ ಕಂಟ್ರಾಕ್ಟರಿಗೆ ಹೇಳಿದರು.

"ಗೋಡೆ ಒಳಗೆ ಹೂತಿರೋ ಪೈಪು ಜಾಯಿಂಟಲ್ಲಿ ಸೋರ್ತಾ ಐತೆ. ಮ್ಯಾಲೆ ತಾರಸಿಗೆ ಇಳಿಜಾರೇ ಇಲ್ಲ, ಮಳೆ ಬಂದ್ರೆ ನೀರು ಅಲ್ಲೇ ನಿಂತ್ಕತದೆ. ಎರಡೂ ಸರಿ ಮಾಡ್ಬೇಕು. ಆಮ್ಯಾಕೆ ಬಣ್ಣ."

"ಗೋಡೆ ಡಾಕ್ಟ್ರಮ್ಮ ಬಂದ್ಬಿಟ್ರು" ಎಂದು ಕಂಟ್ರಾಕ್ಟರ್ ಸುತ್ತಲಿನವರನ್ನು ನಗಿಸಿದರು. "ನಾಡಿ ನೋಡಿದ್ದು ಸಾಕು, ಮೂರು ಕೋಟ್ ಡಿಸ್ಟೆಂಪರ್ ಹೊಡಿ."

"ನಾನು ಹೊಡಿಯಲ್ಲ."

"ಹೊಡೀದಿದ್ರೆ ನಾಳೆಯಿಂದ ನಮ್ಮ ಯಾವ ಕೆಲಸಕ್ಕೂ ಬರ್ಬೇಡ."

ಅವರು ಬ್ರಷ್ಷನ್ನು ನೀರಿನಲ್ಲಿ ಶುಚಿಯಾಗಿ ತೊಳೆದು, ಗೋಡೆಗೆ ಒರಗಿಸಿಟ್ಟು ನನ್ನ ಮುಖ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದಿದ್ದರು. ಆಹ್ವಾನಪತ್ರಿಕೆ ಆಗಲೇ ಅಚ್ಚಾಗಿತ್ತು. ನಾನು ಸುಮ್ಮನಿದ್ದೆ. ಅವರು ಬಸ್ಸಿಗೆ ಹೋದರು. ಎರಡು ದಿನದ ನಂತರ ಸಮಿತಿಯವರು ಒಂದು ಕಾಗದ ಮುಂದಿಟ್ಟರು. ಕಟ್ಟಡದಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದು ಮೇಲ್ವಿಚಾರಕಿಯಾಗಿ ನಾನು ಬರೆದುಕೊಡಬೇಕಿತ್ತು. ನಾನು ಸಹಿ ಹಾಕಿದೆ.

ಮೊದಲ ಮಳೆಗಾಲದಲ್ಲೇ ಡಿಸ್ಟೆಂಪರ್ ಹಪ್ಪಳದಂತೆ ಎದ್ದಿತು. ಚೌಳಹಿರಿಯೂರಿನಿಂದ ಬಂದಿದ್ದ ಸಾವಿತ್ರಿ ಎಂಬ ಏಳನೇ ತರಗತಿಯ ಹುಡುಗಿ ಆ ಮೂಲೆಯಲ್ಲಿ ಮಲಗುತ್ತಿದ್ದಳು. ಊರಿಗೆ ಹೋದಾಗ ಚೆನ್ನಾಗಿರುವವಳು ಹಾಸ್ಟೆಲಿಗೆ ಬಂದ ವಾರಕ್ಕೆ ಉಬ್ಬಸದಿಂದ ಒದ್ದಾಡುತ್ತಿದ್ದಳು. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಕುಸಿದಳು. ತುಟಿ ನೀಲಿಯಾಗಿತ್ತು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಎಳೆದುಕೊಳ್ಳುತ್ತಿದ್ದ ಒಂದೊಂದು ಉಸಿರಿಗೂ ನಾನು ಹಾಕಿದ ಸಹಿ ನೆನಪಾಗುತ್ತಿತ್ತು. ಸೂಜಿ ಕೊಟ್ಟು ಉಸಿರು ಹತೋಟಿಗೆ ಬಂದ ಮೇಲೆ ಡಾಕ್ಟರು, "ಈ ಹುಡುಗಿ ಮಲಗೋ ಕೋಣೆ ಹೇಗಿದೆ?" ಎಂದು ಕೇಳಿದರು.

ಆ ಮಧ್ಯಾಹ್ನವೇ ನಾನು ಸಮಿತಿಗೆ ಪತ್ರ ಬರೆದೆ. ನಾನು ಮೊದಲು ಬರೆದುಕೊಟ್ಟದ್ದು ಸುಳ್ಳು, ದೋಷವಿರುವುದು ನನಗೆ ಆಗಲೇ ತಿಳಿದಿತ್ತು ಎಂದು. ಸಮಿತಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಗಂಟೆ ಪ್ರಶ್ನೆ ಕೇಳಿತು. ಕೊನೆಗೆ ಆ ಒಂದು ಗೋಡೆಯನ್ನು ಒಡೆಸಲು ಒಪ್ಪಿಗೆ ಕೊಟ್ಟರು. ತಾರಸಿಯಲ್ಲಿ ದೋಷವಿಲ್ಲವೆಂದು ಕಂಟ್ರಾಕ್ಟರ್ ಹಠ ಹಿಡಿದರು, ಅದು ಹಾಗೇ ಉಳಿಯಿತು.

ನಾನು ತರೀಕೆರೆಗೆ ಹೋಗಿ ಇವರ ಮನೆ ಹುಡುಕಿದೆ. ಕಂಟ್ರಾಕ್ಟರ್ ಹೇಳಿದ್ದನ್ನು ಮಾಡಿ ತೋರಿಸಿದ್ದರು. ಕಟ್ಟಡದ ಕೆಲಸಕ್ಕೆ ಯಾರೂ ಕರೆಯದೆ ಇವರು ಅಕ್ಕಿ ಗಿರಣಿಯಲ್ಲಿ ಹೊಟ್ಟು ಕೇರುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನೂ. ಅವರು ತಲೆಯ ಮೇಲಿನ ಹೊಟ್ಟಿನ ಧೂಳನ್ನು ಒರೆಸಿಕೊಂಡರು.

"ಮಗು ಹೆಂಗೈತೆ?"

"ಈಗ ಪರವಾಗಿಲ್ಲ. ಊರಿಗೆ ಕಳಿಸಿದೀನಿ."

"ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಉಳಿದ ಮಕ್ಕಳನ್ನ ಈವತ್ತೇ ಆ ಕೋಣೆಯಿಂದ ಎಬ್ಬಿಸಿ."

ಸಹಿಯ ಬಗ್ಗೆ ಅವರು ಆಗಲೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗೋಡೆ ಒಡೆದಾಗ ಪೈಪಿನ ಸುತ್ತ ಇಟ್ಟಿಗೆಗಳು ನೆನೆದ ರಸ್ಕಿನಂತಿದ್ದವು. ಒಂದು ತಿಂಗಳು ಕೆಲಸವಾಯಿತು. ಆಗ ನೋಡಿದೆ, ಏಣಿಯ ನಾಲ್ಕು ಮೆಟ್ಟಿಲು ಹತ್ತಿದರೆ ಅವರು ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಎದೆಯಲ್ಲಿ ಗೊರಗೊರ ಸದ್ದು. ನಾನೇ ಒಂದು ಒದ್ದೆಬಟ್ಟೆ ತಂದು ಅವರ ಮುಖಕ್ಕೆ ಕಟ್ಟಲು ಹೋದೆ. ಈ ಸಲ ಕಟ್ಟಿಸಿಕೊಂಡರು. "ಈಗ ಕಟ್ಟಿ ಏನ್ ಬಂತು ಟೀಚ್ರಮ್ಮ" ಎಂದರು, ಬಟ್ಟೆಯ ಹಿಂದಿನಿಂದ. ಸಾವಿತ್ರಿ ದಸರಾ ರಜೆ ಮುಗಿಸಿ ಬಂದು ಅದೇ ಕೋಣೆಯಲ್ಲಿ ಮಲಗಿದಳು, ಆಮೇಲೆ ವರ್ಷ ಮುಗಿಯುವವರೆಗೆ ಒಂದು ದಿನವೂ ತಪ್ಪದೆ ಶಾಲೆಗೆ ಬಂದಳು.

ಅದರ ಮುಂದಿನ ವರ್ಷ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಏಳೆಂಟು ಆಳುಗಳು ಮರಳು, ಸಿಮೆಂಟು ಹೊತ್ತು ನಮ್ಮ ತಾರಸಿ ಹತ್ತುವುದು ಕಾಣಿಸಿತು. ಸಮಿತಿಯಿಂದ ನನಗೆ ಯಾವ ಸೂಚನೆಯೂ ಬಂದಿರಲಿಲ್ಲ. ಹೊರಗೆ ಬಂದು ನೋಡಿದರೆ ಕಂಟ್ರಾಕ್ಟರ್ ತಾವೇ ನಿಂತಿದ್ದರು. ನನ್ನನ್ನು ನೋಡಿ ಬೇರೆ ಕಡೆ ತಿರುಗಿದರು. ನಾನು ಹೋಗಿ ವಿಚಾರಿಸಿದೆ.

ಅವರು ಕಡೂರಿನಲ್ಲಿ ಕಟ್ಟಿಸಿದ್ದ ಸ್ವಂತ ಹೊಸ ಮನೆಯಲ್ಲಿ, ಬಾಣಂತಿ ಸೊಸೆ ಮಲಗಿದ್ದ ಕೋಣೆಗೆ ಬೂಷ್ಟು ಹಿಡಿದಿತ್ತು. ಎರಡು ತಿಂಗಳ ಕೂಸಿಗೆ ಎದೆ ಕಟ್ಟುತ್ತಿತ್ತು. ಬಣ್ಣ ಹೊಡೆಸಿದರು, ಬ್ಲೀಚಿಂಗ್ ಪೌಡರಿನಲ್ಲಿ ತೊಳೆಸಿದರು, ಮತ್ತೆ ಬಂತು. ಕೊನೆಗೆ ತಾವೇ ತರೀಕೆರೆಗೆ ಹೋಗಿ ಡಾಕ್ಟ್ರಮ್ಮನ ಮನೆಯ ಬಾಗಿಲಲ್ಲಿ ನಿಂತರಂತೆ.

"ಏನಾದ್ರೂ ಅಂದ್ರಾ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ ಮೇಡಂ. ಚೀಲ ತಗೊಂಡು ಎದ್ದು ಬಂದ್ಬಿಟ್ರು. ಅವರಿಗೆ ಮೈಯಲ್ಲಿ ಶಕ್ತಿ ಇಲ್ಲ. ಕುರ್ಚಿ ಹಾಕಿಸ್ಕೊಂಡು ಬಾಗಿಲಲ್ಲಿ ಕೂತ್ಕೊಂಡು ಹೇಳ್ತಾ ಇದ್ರು, ನಾನು ಕೆರೀತಿದ್ದೆ. ಆಳುಗಳಿಗೆ ಬಿಡ್ಲಿಲ್ಲ, ನೀವೇ ಮಾಡಿ ಅಂದ್ರು. ಮೂಗಿಗೆ ಬಟ್ಟೆ ಕಟ್ಕೊಂಡು ಮೂರು ದಿನ ಕೆರ್ದಿದೀನಿ." ಅವರು ತಮ್ಮ ಅಂಗೈಯನ್ನು ನೋಡಿಕೊಂಡರು. "ಕೂಸು ಈಗ ಚೆನ್ನಾಗಿದೆ. ಏನು ಕೊಡ್ಲಿ ಅಂತ ಕೇಳ್ದೆ. ಅಜ್ಜಂಪುರದ ತಾರಸಿಗೆ ಇಳಿಜಾರು ಮಾಡ್ಕೊಡಿ ಅಂದ್ರು. ಅಷ್ಟೇ."

"ಸಮಿತಿಗೆ ನಾನು ಏನಾದರೂ ಬರೆಯಬೇಕಾ?"

"ನೀವೇನೂ ಬರೆದುಕೊಡೋದು ಬೇಡ" ಎಂದು ಅವರು ಆಳುಗಳ ಕಡೆ ನಡೆದರು.

ಮಳೆ ಹಿಡಿದ ಮೇಲೆ, ಜುಲೈ ತಿಂಗಳ ಒಂದು ಭಾನುವಾರ ಡಾಕ್ಟ್ರಮ್ಮ ತಾವಾಗಿಯೇ ಬಸ್ಸಿಳಿದು ಬಂದರು. ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿನವರೆಗೆ ನಡೆಯಲು ಅವರಿಗೆ ಅರ್ಧ ಗಂಟೆ ಹಿಡಿದಿತ್ತು. ಜಗಲಿಯಲ್ಲಿ ಕೂತು ಬಿಸಿನೀರು ಕುಡಿದು, "ತಾರಸಿ ನೋಡ್ಬೇಕಿತ್ತು" ಎಂದರು. ಮೆಟ್ಟಿಲಿನ ಬುಡದವರೆಗೆ ಹೋಗಿ, ಒಂದು ಮೆಟ್ಟಿಲು ಹತ್ತಿ, ಗೋಡೆ ಹಿಡಿದುಕೊಂಡು ನಿಂತರು. ಆಗದು ಎಂದು ಇಬ್ಬರಿಗೂ ಗೊತ್ತಾಯಿತು. ಅಷ್ಟರಲ್ಲಿ ಮಳೆ ಜೋರಾಯಿತು.

"ನೀವು ಹತ್ತಿ ಟೀಚ್ರಮ್ಮ" ಎಂದರು. "ಮಳೆ ಬರೋವಾಗ್ಲೇ ನೋಡ್ಬೇಕು."

ನಾನು ಛತ್ರಿ ಹಿಡಿದು ಹತ್ತಿದೆ. ಅಲ್ಲಿಯವರೆಗೆ ಒಮ್ಮೆಯೂ ನಾನು ಆ ತಾರಸಿ ಹತ್ತಿರಲಿಲ್ಲ. ಅವರು ಕೆಳಗಿನಿಂದ, ಉಸಿರು ಸಿಕ್ಕಷ್ಟು ಸಿಕ್ಕಷ್ಟು, ಒಂದೊಂದೇ ಕೇಳತೊಡಗಿದರು.

"ನೀರು ಯಾವ ಕಡೀಗೆ ಓಡ್ತಾ ಐತೆ?"

"ಪಶ್ಚಿಮಕ್ಕೆ. ಎರಡು ಕೊಳವೆಗೂ ಹೋಗ್ತಿದೆ."

"ನಡೂ ಮಧ್ಯಕ್ಕೆ ಹೋಗಿ ನಿಂತ್ಕಳಿ. ಕಾಲ್ ಕೆಳಗೆ ನೀರು ನಿಂತೈತಾ?"

ನಾನು ಚಪ್ಪಲಿ ಕಳಚಿ ನಡುವೆ ಹೋಗಿ ನಿಂತೆ. ನೀರು ಪಾದದ ಎರಡೂ ಪಕ್ಕದಿಂದ ಹರಿದುಹೋಗುತ್ತಿತ್ತು. "ಇಲ್ಲ, ನಿಂತಿಲ್ಲ" ಎಂದು ಕೂಗಿದೆ.

"ಮೂಲೆ?"

"ಮೂಲೆಯಲ್ಲೂ ಇಲ್ಲ."

"ನಾಲ್ಕೂ ಮೂಲೆ ನೋಡಿದ್ರಾ?"

ನಾಲ್ಕನೆಯದನ್ನು ನೋಡಿರಲಿಲ್ಲ. ಛತ್ರಿ ಗಾಳಿಗೆ ಮಗುಚಿತು. ಅದನ್ನು ಮಡಚಿ, ಸೀರೆ ಎತ್ತಿ ಹಿಡಿದುಕೊಂಡು ಹೋಗಿ, ಬಗ್ಗಿ, ಕೈಯಿಂದ ಮುಟ್ಟಿ ನೋಡಿ ಬಂದೆ. ಮೆಟ್ಟಿಲಿನ ಮೇಲಿಂದ ಬಗ್ಗಿ ಹೇಳಿದೆ, "ನಾಲ್ಕೂ ನೋಡಿದೆ. ಎಲ್ಲೂ ಒಂದು ಹನಿ ನಿಂತಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಸರಿ ಹಂಗಾದ್ರೆ. ಇಳೀರಿ, ನೆನೀತೀರ."